ಪ್ಲೇಕ್‌ಗೆ ‘ಪಾಚಿ’ ಆದರೆ ಟಾರ್ಟರ್‌ಗೆ ಏನು? (ಮೌತ್‌ವಾಶ್ ಪದಗಳ ಬಗ್ಗೆ)

ಬಳಗದವರಿಗೆ ನಮಸ್ಕಾರ,

ಹಲ್ಲಿನ ತಪಾಸಣಾ ಶಿಬಿರವೊಂದಕ್ಕೆ ನಾಲ್ಕು ಪುಟದ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಯಾವ ಮೌತ್‌ವಾಶ್ ಪ್ಲೇಕನ್ನು ಎಷ್ಟರಮಟ್ಟಿಗೆ ತಡೆಯುತ್ತದೆ, ಯಾವುದನ್ನು ಎಷ್ಟು ದಿನ ಬಳಸಬಹುದು ಎಂಬುದು ವಿಷಯ. ಕ್ಲೋರ್‌ಹೆಕ್ಸಿಡಿನ್ ಎಂಬ ಮೌತ್‌ವಾಶ್ ಔಷಧದ ಬಗೆಗಿನ ಮೂರನೇ ಪ್ಯಾರಾ ಮುಗಿಸಿ ಓದಿಕೊಂಡರೆ ಹೀಗಿತ್ತು: “ಕ್ಲೋರ್‌ಹೆಕ್ಸಿಡಿನ್ ಹಲ್ಲಿನ ಕೊಳೆಯನ್ನು ಚೆನ್ನಾಗಿ ತಡೆಯುತ್ತದೆ. ಬಹಳ ದಿನ ಬಳಸಿದರೆ ಹಲ್ಲಿನಲ್ಲಿ ಕೊಳೆ ಹೆಚ್ಚುತ್ತದೆ.” ಎರಡೂ ಮಾತು ನಿಜವೇ. ಆದರೆ ಇದನ್ನು ಓದಿದವರು ಬಾಟಲಿಯನ್ನು ಮೋರಿಗೆ ಸುರಿದರೆ ತಪ್ಪು ನನ್ನದು.

ತೊಡಕು ಎಲ್ಲಿದೆ ಅಂದರೆ, ನಾವು ಕೊಳೆ ಅಂದು ಮುಗಿಸುವ ಕಡೆ ದಂತವೈದ್ಯರಿಗೆ ಮೂರು ಬೇರೆ ವಸ್ತುಗಳಿವೆ. ಬೆಳಗ್ಗೆ ಏಳುವಾಗ ನಾಲಿಗೆಗೆ ಜಿಗುಟಾಗಿ ಸಿಗುವ, ಉಗುರಿನಲ್ಲಿ ಕೆರೆದರೆ ಬರುವ ಮೆತ್ತನೆಯ ಪದರ ಪ್ಲೇಕ್. ಅದು ಬ್ಯಾಕ್ಟೀರಿಯಾಗಳ ವಸತಿ. ಅದೇ ಪದರಕ್ಕೆ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿಯಾದರೆ ಟಾರ್ಟರ್, ಅಂದರೆ ಕ್ಯಾಲ್ಕ್ಯುಲಸ್. ಇದು ಬ್ರಶ್ಶಿಗೆ ಜಗ್ಗುವುದಿಲ್ಲ, ಕ್ಲಿನಿಕ್ಕಿನಲ್ಲೇ ಕೆರೆಸಬೇಕು. ಮೂರನೆಯದು ಬರೀ ಬಣ್ಣ. ಕ್ಲೋರ್‌ಹೆಕ್ಸಿಡಿನ್ ಮೊದಲನೆಯದನ್ನು ತಗ್ಗಿಸುತ್ತದೆ, ಉಳಿದೆರಡನ್ನು ಹೆಚ್ಚಿಸುತ್ತದೆ. ಒಂದೇ ಪದ ಇಟ್ಟುಕೊಂಡು ಈ ಸಂಗತಿಯನ್ನು ಹೇಳುವುದು ಹೇಗೆ?

ಬಣ್ಣಕ್ಕೆ ಕರೆ ಇದೆ, ಎಲೆಯಡಿಕೆ ಕರೆ ಎಲ್ಲರಿಗೂ ಗೊತ್ತು. ಪ್ಲೇಕ್‌ಗೆ ನನ್ನ ಮತ ಪಾಚಿಗೆ. ‘ಹಲ್ಲು ಪಾಚಿ ಕಟ್ಟಿದೆ, ತಿಕ್ಕೋ’ ಎಂದು ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಕೆಲವು ಜಾಲತಾಣಗಳಲ್ಲಿ ‘ದಂತ ಫಲಕ’ ಎಂದು ನೋಡಿದೆ. ಗೋಡೆಗೆ ಹೊಡೆಯುವ ಪ್ಲೇಕನ್ನು ಯಾರೋ ಹಲ್ಲಿಗೆ ಹೊಡೆದಿದ್ದಾರೆ. ಸೂಕ್ಷ್ಮಜೀವಶಾಸ್ತ್ರ ಓದಿದ ಗೆಳತಿಯ ತಕರಾರು ಬೇರೆ: ಪಾಚಿ ಅಂದರೆ ಆಲ್ಗೆ, ಇಲ್ಲಿರುವುದು ಬ್ಯಾಕ್ಟೀರಿಯಾ. ಒಪ್ಪಿದೆ. ಆದರೆ ಪಾಚಿಗೆ ನೀರು ಹುಯ್ದರೆ ಸಾಲದು, ಉಜ್ಜಲೇಬೇಕು ಎಂಬುದು ಬಚ್ಚಲು ತೊಳೆದವರಿಗೆಲ್ಲ ಗೊತ್ತು. ಕೈಪಿಡಿ ಹೇಳಬೇಕಾದದ್ದೂ ಅದನ್ನೇ. ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ಚರ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯಿಂದ ಕಲಸಿದ ಹಿಟ್ಟಿನಂಥ ಬಿಳಿಯ ವಸ್ತುವನ್ನು ತೆಗೆದು ಮಸೂರದಡಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳಿವೆ ಎಂದು ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಗೆ ಬರೆದ. ವಿನೆಗರಿನಲ್ಲಿ ಬಾಯಿ ಮುಕ್ಕಳಿಸಿದರೆ ಹೊರಮೈಯವು ಸಾಯುತ್ತವೆ, ಒಳಗಿನವಕ್ಕೆ ಅದು ತಲುಪುವುದಿಲ್ಲ ಎಂಬುದನ್ನೂ ಆತ ಗಮನಿಸಿದ್ದ. ಪಾಚಿ ಅಂದರೆ ಇದೆಲ್ಲ ವಿವರಣೆಯಿಲ್ಲದೆ ತಿಳಿಯುತ್ತದೆ. ‘ಜೈವಿಕ ಪದರ’ ಅಂದರೆ ತಿಳಿಯುವುದಿಲ್ಲ.

ನಾನು ಸಿಕ್ಕಿಕೊಂಡಿರುವುದು ಟಾರ್ಟರ್‌ನಲ್ಲಿ. ಸುಶ್ರುತ ಸಂಹಿತೆಯ ದಂತರೋಗಗಳ ಪಟ್ಟಿಯಲ್ಲಿ ‘ಶರ್ಕರಾ’ ಇದೆ. ಹರಳು, ಮರಳುಕಲ್ಲು ಎಂಬ ಅರ್ಥದಲ್ಲಿ ಒಳ್ಳೆಯ ಪದ, ಲ್ಯಾಟಿನ್ನಿನ ಕ್ಯಾಲ್ಕ್ಯುಲಸ್ಸಿಗೂ ಪುಟ್ಟ ಕಲ್ಲು ಎಂದೇ ಅರ್ಥ. ಆದರೆ ಇವತ್ತು ‘ದಂತಶರ್ಕರ’ ಎಂದು ಅಚ್ಚು ಹಾಕಿದರೆ ಜನ ಸಕ್ಕರೆ ಅಂದುಕೊಳ್ಳುತ್ತಾರೆ. ಕಿಟ್ಟ ಅನ್ನಬಹುದು, ಕಬ್ಬಿಣದ ಕಿಟ್ಟದ ಗಡಸುತನ ಅದರಲ್ಲಿದೆ. ಎಣ್ಣೆಯ ಕಿಟ್ಟ ನೆನಪಾದರೆ ಮಾತ್ರ ಮತ್ತೆ ಮೆತ್ತಗಾಗುತ್ತದೆ. ನನಗೆ ಹಿಡಿಸಿದ್ದು ಗಾರೆ. ಸುಣ್ಣವೂ ಅದರಲ್ಲಿದೆ, ಮೆತ್ತಿಕೊಂಡು ಗಟ್ಟಿಯಾಗುವ ಗುಣವೂ ಇದೆ. ‘ಪಾಚಿ ಬಿಟ್ಟರೆ ಗಾರೆಯಾಗುತ್ತದೆ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಹಲ್ಲಿಗೆ ಗಾರೆ ಅನ್ನುವ ಬಳಕೆ ನಿಮ್ಮ ಕಡೆ ಎಲ್ಲಾದರೂ ಇದೆಯೇ?

ಆ್ಯಂಟಿಸೆಪ್ಟಿಕ್‌ಗೆ ಮೊದಲು ‘ಕ್ರಿಮಿನಾಶಕ’ ಎಂದು ಬರೆದಿದ್ದೆ. ಹಾಸನದ ಕಡೆ ಆಲೂಗಡ್ಡೆ ಬೆಳೆಯುವ ನಮ್ಮ ಚಿಕ್ಕಪ್ಪ ಕರಡು ಓದಿ, “ಏನೋ ಇದು, ಗಿಡಕ್ಕೆ ಹೊಡೆಯೋದನ್ನ ಬಾಯಿಗೆ ಹಾಕ್ಕೊಂಡು ಒಂದು ನಿಮಿಷ ಇಟ್ಕೋ ಅಂತೀಯಲ್ಲ” ಅಂದರು. ಈಗ ‘ನಂಜುತಡೆ’ ಮಾಡಿದ್ದೇನೆ. ಗಾಯ ನಂಜಾಯಿತು ಎನ್ನುವ ನಮಗೆ ಸೆಪ್ಟಿಕ್ ಅಂದರೆ ನಂಜೇ. ‘ಪೂತಿರೋಧಕ’ ಮೂಲಕ್ಕೆ ಹತ್ತಿರ, ಓದುಗರಿಗೆ ದೂರ.

‘ಎಸೆನ್ಷಿಯಲ್ ಆಯಿಲ್’ ಇನ್ನೊಂದು ಗುಂಡಿ. ‘ಅವಶ್ಯಕ ತೈಲ’ ಎಂಬ ಅನುವಾದವನ್ನು ಕಣ್ಣಾರೆ ಕಂಡಿದ್ದೇನೆ. ಅವಶ್ಯಕತೆಯ ಮಾತೇ ಅಲ್ಲ, ಅದು ಗಿಡದ ಸಾರ, ಪರಿಮಳದೆಣ್ಣೆ. 1879ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿ, ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಹೆಸರು ಹೊತ್ತ ಲಿಸ್ಟರಿನ್ ಮೌತ್‌ವಾಶ್ ಈ ಜಾತಿಯದು. ಅದರಲ್ಲಿರುವ ಥೈಮಾಲ್ ನಮ್ಮ ಓಮದ ಘಾಟು, ಯೂಕಲಿಪ್ಟಾಲ್ ನೀಲಗಿರಿಯದು, ಮೆಂಥಾಲ್ ಪುದೀನದ ತಂಪು. ಹೆಸರು ಕೇಳಿ ಹೆದರುವವರಿಗೆ ‘ಓಮದ ಸಾರ’ ಅಂದರೆ ಸಾಕು.

ಇನ್ನು ಇಡೀ ಹೋಲಿಕೆಯ ಕೀಲಿಪದ ‘ಸಬ್‌ಸ್ಟ್ಯಾಂಟಿವಿಟಿ’. ದಂತ ಸಂಶೋಧಕರಾದ ಲೋ ಮತ್ತು ಶಿಯಾಟ್ 1970ರಲ್ಲಿ ತೋರಿಸಿದ್ದು: ಹಲ್ಲುಜ್ಜದೆ ಇದ್ದರೂ 0.2% ಕ್ಲೋರ್‌ಹೆಕ್ಸಿಡಿನ್ 10 ಮಿಲೀಯಲ್ಲಿ ದಿನಕ್ಕೆ ಎರಡು ಸಲ ಮುಕ್ಕಳಿಸಿದವರಿಗೆ ಪಾಚಿ ಕಟ್ಟಲಿಲ್ಲ. ಕಾರಣ, ಉಗುಳಿದ ಮೇಲೂ ಅದು ಹಲ್ಲಿಗೆ, ಒಸಡಿಗೆ ಅಂಟಿಕೊಂಡಿದ್ದು ಗಂಟೆಗಟ್ಟಲೆ ಮೆಲ್ಲಗೆ ಬಿಡುತ್ತಿರುತ್ತದೆ. ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಎಂಬ ಇನ್ನೊಂದು ನಂಜುತಡೆ ಕೂಡ ಅಂಟುತ್ತದೆ, ಬೇಗ ಕಳಚುತ್ತದೆ. ಹಾಗಾಗಿ ಪಾಚಿ ತಡೆಯುವುದರಲ್ಲಿ ಮೊದಲನೆಯದು ಮುಂದು. ಕರೆ, ರುಚಿಗೇಡುಗಳಿಂದಾಗಿ ವೈದ್ಯರು ಅದನ್ನು ಕೆಲವೇ ವಾರಗಳಿಗೆ ಬರೆದುಕೊಡುತ್ತಾರೆ, ದಿನಬಳಕೆಗೆ ಪರಿಮಳದೆಣ್ಣೆಯವೋ ಸೆಟೈಲ್‌ಪಿರಿಡಿನಿಯಂನವೋ ಬರುತ್ತವೆ. ಈ ಗುಣಕ್ಕೆ ‘ತಂಗುಗುಣ’ ಎಂದು ಕಟ್ಟಿದ್ದೇನೆ. ‘ಅಂಟುಗುಣ’ ಅಂದರೆ ಬಿಟ್ಟುಕೊಡುವ ಅರ್ಧ ಕಳೆದುಹೋಗುತ್ತದೆ. ಇದಕ್ಕಿಂತ ಚೆನ್ನಾದದ್ದು ಹೊಳೆದರೆ ಹೇಳಿ.

ಮೌತ್‌ವಾಶ್ ಎಂಬ ಪದವನ್ನು ಹಾಗೇ ಬಿಟ್ಟಿದ್ದೇನೆ, ಔಷಧಿ ಅಂಗಡಿಯಲ್ಲಿ ಕೇಳಬೇಕಲ್ಲ. ಕ್ರಿಯಾಪದ ಮಾತ್ರ ‘ಮುಕ್ಕಳಿಸು’. ‘ಗಾರ್ಗಲ್’ ಗಂಟಲಿನದು, ಹಲ್ಲಿನ ಪಾಚಿಗೂ ಅದಕ್ಕೂ ಸಂಬಂಧವಿಲ್ಲ. ಆಯುರ್ವೇದದವರು ಬಾಯಲ್ಲಿ ಆಡಿಸಲು ಬರುವಷ್ಟು ತುಂಬಿದರೆ ಕವಲ, ಆಡಿಸಲಾಗದಷ್ಟು ತುಂಬಿದರೆ ಗಂಡೂಷ ಎಂದು ಬೇರೆಮಾಡಿದ್ದಾರೆ. ನಮಗೆ ಬೇಕಾದದ್ದು ಕವಲ, ಆದರೆ ಕೈಪಿಡಿಯಲ್ಲಿ ಅದನ್ನು ತುತ್ತು ಎಂದು ಓದಿ ನುಂಗಿಬಿಟ್ಟಾರು!

ಕೊನೆಯದೊಂದು ಚಿಕ್ಕ ಪ್ರಶ್ನೆ. ಔಷಧದಿಂದ ಮುಕ್ಕಳಿಸಿದ ಮೇಲೆ ನೀರಿನಿಂದ ಮುಕ್ಕಳಿಸಬಾರದು. ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟರೆ ‘ಮುಕ್ಕಳಿಸಿ, ಆಮೇಲೆ ಮುಕ್ಕಳಿಸಬೇಡಿ’ ಆಗುತ್ತದೆ. ಸದ್ಯಕ್ಕೆ “ಮುಕ್ಕಳಿಸಿ ಉಗುಳಿ. ಅರ್ಧ ಗಂಟೆ ಬಾಯಿಗೆ ನೀರು ಹಾಕಬೇಡಿ” ಎಂದು ಬರೆದಿದ್ದೇನೆ. ಇದು ಸರಿ ಕೇಳುತ್ತದೆಯೇ, ಅಥವಾ ನೀರೇ ಕುಡಿಯಬಾರದು ಎಂದು ತೋರುತ್ತದೆಯೇ? ಗಾರೆಯ ಬಗ್ಗೆಯೂ ಶುಕ್ರವಾರದೊಳಗೆ ಒಂದು ಸಾಲು ಬರೆದರೆ ಉಪಕಾರ, ಶನಿವಾರ ಅಚ್ಚಿಗೆ ಹೋಗುತ್ತದೆ.