ಸಹಾಯ ಬೇಕು: ಬೇಸ್ ಗಿಟಾರ್‌ಗೆ ಕೈಗೆಟಕೋ ಈಕ್ವಲೈಸರ್ ಪೆಡಲ್

ಎಲ್ರಿಗೂ ನಮಸ್ಕಾರ. ಆರ್ಕೆಸ್ಟ್ರಾದಲ್ಲಿ ನಾಲ್ಕು ತಂತಿ ಬೇಸ್ ನುಡಿಸ್ತೀನಿ. ಗಣೇಶನ ಪೆಂಡಾಲಲ್ಲಿ ಯಾವ ಆಂಪ್ ಕೊಡ್ತಾರೋ ಅದೇ ಗತಿ. ಮೊನ್ನೆ ಎ ತಂತಿಯ ಮೂರನೇ ಫ್ರೆಟ್ ಒತ್ತಿದಾಗೆಲ್ಲ ಸ್ಟೇಜ್ ಹಲಗೆಯೇ ಗುಂಯ್ ಅಂತಿತ್ತು, ಮಿಕ್ಕ ಸ್ವರ ಕೇಳಿಸ್ಲೇ ಇಲ್ಲ. ಆ ಸ್ವರ ಸುಮಾರು 65 ಹರ್ಟ್ಜ್. ಅದೊಂದನ್ನೇ ತಗ್ಗಿಸೋಕೆ ಈಕ್ವಲೈಸರ್ (ಬೇರೆ ಬೇರೆ ಹರ್ಟ್ಜ್‌ನ ಸದ್ದನ್ನ ಸ್ಲೈಡರ್‌ಗಳಿಂದ ಏರಿಸಿ ಇಳಿಸೋ ಪೆಡಲ್) ಹುಡುಕ್ತಿದೀನಿ.

ಬಾಸ್ (Boss) ಕಂಪನಿಯ ಜಿಇಬಿ-7 ಪೆಡಲಲ್ಲಿ 50 ಹರ್ಟ್ಜ್ ಆದ್ಮೇಲೆ ನೇರ 120ರ ಸ್ಲೈಡರ್. 50 ಇಳಿಸಿದ್ರೆ ಇ ತಂತಿ (41 ಹರ್ಟ್ಜ್) ಸೊರಗುತ್ತೇನೋ ಅನ್ನೋ ಭಯ. ಎಂಎಕ್ಸ್ಆರ್ ಕಂಪನಿಯ ಹತ್ತು ಬ್ಯಾಂಡಿನ ಪೆಡಲಲ್ಲಿ 62.5ರ ಸ್ಲೈಡರ್ ಇದೆ, ಆದ್ರೆ ಅದಕ್ಕೆ 18 ವೋಲ್ಟ್ ಬೇಕು, ನನ್ನ ಅಡಾಪ್ಟರ್ 9ರದ್ದು. ಬೆರಿಂಗರ್ ಬಿಇಕ್ಯೂ700 ಅಗ್ಗ, ಮೈ ಮಾತ್ರ ಪ್ಲಾಸ್ಟಿಕ್. ನನ್ನ ಕಾಲಿನ ಭಾರ ನನಗೆ ಗೊತ್ತು!

ಬಜೆಟ್ 5 ಸಾವಿರ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಬಳಸಿದವ್ರು ಹೇಳಿ: 50 ಹರ್ಟ್ಜ್ ಸ್ಲೈಡರ್ ಸ್ವಲ್ಪ ಇಳಿಸಿದ್ರೆ ಗುಂಯ್ ನಿಲ್ಲುತ್ತಾ?