ಪದಚರ್ಚೆ: 'ವೆಟ್', 'ಡ್ರೈ', 'ಸಲೂನ್' ಕನ್ನಡದಲ್ಲಿ ಹೇಗೆ?

ಗೆಳೆಯರೇ, 1922ರ ನವೆಂಬರಿನಲ್ಲಿ ನಡೆದ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಚುನಾವಣೆ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತೆ. ಆಗ ಅಮೆರಿಕದಲ್ಲಿ ಪಾನನಿಷೇಧ. ಅಭ್ಯರ್ಥಿಗಳನ್ನು 'ವೆಟ್', 'ಡ್ರೈ' ಅಂತ ಕರೀತಿದ್ದರು. ಸದ್ಯಕ್ಕೆ 'ಪಾನಪರ', 'ಪಾನವಿರೋಧಿ' ಅಂತ ಹಾಕಿದ್ದೇನೆ, ಸರಿಯಾ? ಇನ್ನೊಂದು, ಪಾನನಿಷೇಧಕ್ಕಾಗಿ ಹೋರಾಡಿದ ಸಂಘ 'ಆಂಟಿ-ಸಲೂನ್ ಲೀಗ್'. ಸಲೂನ್ ಅಂದರೆ ಅಲ್ಲಿ ಕುಡಿಯುವ ಅಂಗಡಿ, ನಮ್ಮವರಿಗೆ ಕ್ಷೌರದಂಗಡಿ, ಅಲ್ವಾ?

ಮಾರುತ್ತರ:
'ಪಾನಪರ' ಬೇಡವೇ ಬೇಡ. ಕುಡುಕರ ಪಕ್ಷ ಅಂದಂತಾಗುತ್ತದೆ. ಜಗಳ ಇದ್ದದ್ದು ಕಾನೂನಿನ ಬಗ್ಗೆ. ಮನೆಯಲ್ಲಿ ಕುಡಿದು ಸದನದಲ್ಲಿ 'ಡ್ರೈ' ಓಟು ಹಾಕುವ ಶಾಸಕರೂ ಇದ್ದರು. ಲೀಗಿನವರು ಅವರ ಪಕ್ಷ ನೋಡುತ್ತಿರಲಿಲ್ಲ, ಲೋಟವನ್ನೂ ನೋಡುತ್ತಿರಲಿಲ್ಲ, ಓಟು ಮಾತ್ರ ನೋಡುತ್ತಿದ್ದರು. 'ಡ್ರೈ'ಗೆ 'ನಿಷೇಧದ ಪರ', 'ವೆಟ್'ಗೆ 'ನಿಷೇಧ ವಿರೋಧಿ' ಅನ್ನಿ.

ಪಕ್ಷದ ಹೆಸರು ಹಾಕಿ ತೀರಿಸಿಬಿಡಬೇಡಿ. ಆ ಚುನಾವಣೆಯಲ್ಲಿ ಡೆಮಾಕ್ರಟ್ ಆಲ್ ಸ್ಮಿತ್ ಗವರ್ನರ್ ಆದರು, ಸೆನೆಟ್ ಡೆಮಾಕ್ರಟರ ಕೈಗೆ ಬಂತು, ಅಸೆಂಬ್ಲಿ ರಿಪಬ್ಲಿಕನ್ನರ ಹತ್ತಿರವೇ ಉಳಿಯಿತು. ಆದರೂ ಮುಂದಿನ ವರ್ಷ ಎರಡೂ ಸದನಗಳು, ನಿಷೇಧವನ್ನು ರಾಜ್ಯದಲ್ಲಿ ಜಾರಿ ಮಾಡುವ 1921ರ ಮಲನ್-ಗೇಜ್ ಕಾಯ್ದೆಯನ್ನು ತೆಗೆದುಹಾಕಿದವು. 1923ರ ಜೂನ್ 1ರಂದು ಸ್ಮಿತ್ ಸಹಿ ಹಾಕಿದರು. ಇಲ್ಲಿ 'ಪಾನನಿಷೇಧ ರದ್ದಾಯಿತು' ಅಂತ ದಯವಿಟ್ಟು ಬರೆಯಬೇಡಿ. ರದ್ದಾದದ್ದು ರಾಜ್ಯದ ಜಾರಿ ಕಾಯ್ದೆ ಮಾತ್ರ. ದೇಶದ ನಿಷೇಧ 1933ರ ಡಿಸೆಂಬರ್ ತನಕ ಇತ್ತು.

ಸಲೂನಿಗೆ 'ಪಡಖಾನೆ'. ಹಳ್ಳಿಯವರಿಗೆ ಕೇಳಿ, ಗೊತ್ತಿರುತ್ತೆ.

ಮಾರುತ್ತರ:
'ನಿಷೇಧ' ಸಂಸ್ಕೃತ, 'ಪಡಖಾನೆ'ಯ 'ಖಾನೆ' ಪಾರಸಿ. ನಮ್ಮದೇ ಮಾತು ಇರುವಾಗ ಸಾಲ ಯಾಕೆ? 'ಹೆಂಡತಡೆ', 'ಹೆಂಡದಂಗಡಿ'. ಮುಗಿಯಿತು.

ಮಾರುತ್ತರ:
ಮುಗಿದಿಲ್ಲ. ಹೆಂಡ ಅಂದರೆ ಮೊದಲು ಕಣ್ಣಿಗೆ ಬರೋದು ಈಚಲು ಮರ. ನ್ಯೂಯಾರ್ಕಿನವರು ಕುಡಿಯುತ್ತಿದ್ದದ್ದು ಬಿಯರು, ವಿಸ್ಕಿ. 2007ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಪತ್ರಿಕೆಯವರೂ ಜನರೂ 'ಸಾರಾಯಿ ನಿಷೇಧ' ಅಂದರು. 'ಸಾರಾಯಿತಡೆ' ಅಂದದ್ದನ್ನು ನಾನಂತೂ ಕೇಳಿಲ್ಲ. 'ಖಾನೆ' ಬೇಡ ಅನ್ನುವವರು ಕಾರ್ಖಾನೆ, ದವಾಖಾನೆಗೂ ಬೇರೆ ಮಾತು ಹುಡುಕಲಿ. ಜನ ಬಳಸಿ ಸವೆಸಿದ ಮಾತು ಕನ್ನಡವೇ.

ಮಾರುತ್ತರ:
ಹೀಗೆ ಅಂದುಕೊಂಡೇ ಅರ್ಧ ನುಡಿ ಕಳೆದುಕೊಂಡೆವು. ದವಾಖಾನೆಗೆ 'ಮದ್ದಿನ ಮನೆ' ಇದೆ. ಬಳಸುವವರು ಬೇಕು ಅಷ್ಟೇ.

ಕೇಳಿದವರು:
'ನಿಷೇಧದ ಪರ', 'ನಿಷೇಧ ವಿರೋಧಿ', 'ಪಡಖಾನೆ ವಿರೋಧಿ ಕೂಟ' ಅಂತ ಕಳಿಸುತ್ತಿದ್ದೇನೆ. ಜಾರಿ ಕಾಯ್ದೆ ಸಾಲನ್ನೂ ತಿದ್ದಿದೆ. ಮದ್ದಿನ ಮನೆಗೆ ಬೇರೆ ಎಳೆ ತೆಗೆಯಿರಿ.