ಸಾಧು ಸ್ವಭಾವದ ನಾಯಿಯನ್ನು ಹಿರಿಯರ ಕೇಂದ್ರಕ್ಕೆ ಕರೆದೊಯ್ಯಬಹುದೇ?

ಪ್ರಶ್ನೆ:
ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ಅಪರಿಚಿತರನ್ನು ಕಂಡು ಬೊಗಳುವುದಿಲ್ಲ, ಮಕ್ಕಳು ಬಾಲ ಹಿಡಿದೆಳೆದರೂ ಸುಮ್ಮನಿರುತ್ತದೆ. ಹಿರಿಯರು ಹಗಲು ಹೊತ್ತು ಸೇರುವ ಕೇಂದ್ರವೊಂದಕ್ಕೆ ಅದನ್ನು ವಾರಕ್ಕೊಮ್ಮೆ ಕರೆದೊಯ್ಯುವ ಆಸೆಯಿದೆ. ಅಲ್ಲಿ ಮರೆವಿನ ಕಾಯಿಲೆಯವರೂ ಇದ್ದಾರೆ. ಸಾಧು ಸ್ವಭಾವವೊಂದೇ ಸಾಕೇ? ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಉತ್ತರ 1:
ಸಹಿಸಿಕೊಳ್ಳುವುದು ಬೇರೆ, ಇಷ್ಟಪಡುವುದು ಬೇರೆ. ಬಾಲ ಎಳೆದಾಗ ನಿಮ್ಮ ನಾಯಿ ಮುಖ ತಿರುಗಿಸುತ್ತದೆಯೇ, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತದೆಯೇ, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತದೆಯೇ ಎಂಬುದನ್ನು ಮೊದಲು ಗಮನಿಸಿ. ಇವೆಲ್ಲ ಅದು ಒತ್ತಡದಲ್ಲಿರುವ ಲಕ್ಷಣಗಳು. ಈ ಕೆಲಸಕ್ಕೆ ಬೇಕಾದದ್ದು ತಾನಾಗಿಯೇ ಹೊಸಬರ ಬಳಿಗೆ ಹೋಗಿ ನಿಲ್ಲುವ ನಾಯಿ. ಹೀಗೆ ಜನರ ನೆಮ್ಮದಿಗಾಗಿ ಭೇಟಿಗೆ ಕರೆದೊಯ್ಯುವ ‘ಥೆರಪಿ ನಾಯಿ’ಗಳನ್ನು ಆಯ್ಕೆ ಮಾಡುವ ಸಂಸ್ಥೆಗಳು ಗಾಲಿಕುರ್ಚಿಯ ಓಡಾಟ, ಏನಾದರೂ ದೊಪ್ಪನೆ ಬಿದ್ದ ಸದ್ದು, ಅಳತೆ ತಪ್ಪಿದ ಕೈಯ ಒರಟು ನೇವರಿಕೆ, ಒಮ್ಮೆಗೇ ಹಲವರು ಸುತ್ತುವರಿಯುವುದು ಇಂಥವುಗಳ ನಡುವೆ ನಾಯಿ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸುತ್ತವೆ. ಜೊತೆಗಿರುವ ಒಡೆಯರು ಅದರ ಮನಸ್ಸನ್ನು ಎಷ್ಟು ಬೇಗ ಓದಬಲ್ಲರು ಎಂಬುದನ್ನೂ ನೋಡುತ್ತವೆ. ಅಮೆರಿಕದ ಪೆಟ್ ಪಾರ್ಟ್‌ನರ್ಸ್ ಸಂಸ್ಥೆಯಂತೂ ಹಸಿ ಮಾಂಸ ತಿನ್ನುವ ನಾಯಿಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಅಂಥ ಆಹಾರದಿಂದ ಸಾಲ್ಮೊನೆಲ್ಲಾದಂತಹ ಸೂಕ್ಷ್ಮಾಣುಗಳು ಹರಡಿದರೆ ರೋಗನಿರೋಧಕ ಶಕ್ತಿ ಕುಂದಿದ ಹಿರಿಯರಿಗೆ ಅಪಾಯ.

ಉತ್ತರ 2:
ಪ್ರಯೋಜನದ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಮರೆವಿನ ಕಾಯಿಲೆಯವರ ಮೇಲೆ ನಡೆದ 9 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಜಾಲದ 2019ರ ವಿಮರ್ಶೆಯು, ಪ್ರಾಣಿಗಳ ಒಡನಾಟದಿಂದ ಖಿನ್ನತೆಯ ಲಕ್ಷಣಗಳು ಅಲ್ಪ ಪ್ರಮಾಣದಲ್ಲಿ ತಗ್ಗಬಹುದು ಎಂದಷ್ಟೇ ಹೇಳಿತು. ಆದರೆ ಇಂಥವರ ಆರೈಕೆ ಮಾಡುವ ನಾನು ಕಂಡಂತೆ, ಅಂಕಿಅಂಶಕ್ಕೆ ಸುಲಭವಾಗಿ ಸಿಗದ ಲಾಭವೊಂದಿದೆ. ‘ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ’ ಎಂಬ ಪ್ರಶ್ನೆಗಳಿಗೆ ಉತ್ತರಿಸಿ ಬೇಸತ್ತವರು ನಾಯಿಯ ಹೆಸರು ಕೇಳುತ್ತಾರೆ, ತಾವು ಸಾಕಿದ ನಾಯಿಯ ಕತೆ ತೆಗೆಯುತ್ತಾರೆ, ಪಕ್ಕದ ಕುರ್ಚಿಯವರು ಅದಕ್ಕೆ ತಮ್ಮದೊಂದನ್ನು ಸೇರಿಸುತ್ತಾರೆ. ಹೋದ ವಾರದ ಭೇಟಿ ನೆನಪಿರದವರೂ ನಾಯಿಯ ತಲೆ ಸವರುವುದನ್ನು ಮರೆತಿರುವುದಿಲ್ಲ. ಆದ್ದರಿಂದ ಎಲ್ಲರನ್ನೂ ಅವಸರದಲ್ಲಿ ಮುಟ್ಟಿ ಬರುವುದಕ್ಕಿಂತ ಕೆಲವರ ಬಳಿ ನಿಧಾನವಾಗಿ ಕುಳಿತುಕೊಳ್ಳಿ.

ಉತ್ತರ 3:
ನಾಯಿ ಎಂದರೆ ಅಂಜುವವರೂ ಅಲರ್ಜಿಯಿರುವವರೂ ಅಲ್ಲಿರುತ್ತಾರೆ. ನಾಯಿಯನ್ನು ಒಳಗೆ ಕರೆತರುವ ಮೊದಲು ಪ್ರತಿ ಸಲವೂ ಒಬ್ಬೊಬ್ಬರ ಒಪ್ಪಿಗೆ ಕೇಳಿ. ಹೋದ ಸಲ ಒಪ್ಪಿದವರು ಈ ಸಲ ಬೇಡವೆನ್ನಬಹುದು. ಇಳಿವಯಸ್ಸಿನ ಚರ್ಮ ತೆಳು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಸಣ್ಣ ಗೀರಿನಿಂದಲೂ ರಕ್ತಸ್ರಾವ ಹೆಚ್ಚಾಗಬಹುದು. ಹಾಗಾಗಿ ಉಗುರು ಕತ್ತರಿಸಿ ಉಜ್ಜಿರಬೇಕು, ನಾಯಿ ಮಡಿಲಿಗೆ ಕಾಲೂರಬಾರದು, ಲೀಶ್ ಯಾರ ವಾಕರ್‌ಗೂ ಸುತ್ತಿಕೊಳ್ಳದಷ್ಟು ಗಿಡ್ಡವಾಗಿರಬೇಕು. ಲಸಿಕೆ ಹಾಗೂ ಜಂತುನಾಶಕದ ದಾಖಲೆಯನ್ನು ಕೇಂದ್ರದವರು ಕೇಳುವ ಮೊದಲೇ ಕೊಟ್ಟುಬಿಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನೀವು ಹೇಳಿದ ಮೇಲೆ ಗಮನಿಸಿದೆ, ಮಕ್ಕಳು ಬಾಲ ಎಳೆದಾಗ ಅದು ಮುಖ ತಿರುಗಿಸುವುದು ನಿಜ. ಆದರೆ ಹಿರಿಯರು ಮನೆಗೆ ಬಂದರೆ ತಾನಾಗಿಯೇ ಹೋಗಿ ಅವರ ಕಾಲ ಬಳಿ ಮಲಗುತ್ತದೆ. ಮೊದಲು ಪರೀಕ್ಷೆಗೆ ಕರೆದೊಯ್ಯುತ್ತೇನೆ. ಅದರಲ್ಲಿ ಉತ್ತೀರ್ಣವಾಗದಿದ್ದರೆ ನಾನೊಬ್ಬನೇ ಹೋಗುತ್ತೇನೆ.